ತಪಸ್ಸುಕಾಲದ ಕಾಣಿಕೆ ಲೈನ್ ಮನೆಗೆ ನಿಜವಾಗಿ ದಕ್ಕಬೇಕಾದರೆ

ನಮ್ಮ ಕಡೆಯ ಚರ್ಚುಗಳಲ್ಲಿ ಕೊಡುವ ಮನಸ್ಸಿಗೆ ಕೊರತೆ ಇಲ್ಲ. ಪಾಸ್ಕ ಹಬ್ಬಕ್ಕೆ (ಈಸ್ಟರ್) ಮುಂಚಿನ ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ ಬಂತು ಅಂದರೆ ಮನೆಮನೆಗೆ ಕಾಣಿಕೆ ಕವರ್ ಬರುತ್ತದೆ. ಸಂತ ಅಂತೋಣಿಯವರ ಪ್ರತಿಮೆ ಪಕ್ಕದ ಬಡವರ ಡಬ್ಬಿಗೆ ವರ್ಷವಿಡೀ ಯಾರಾದರೂ ಹಾಕುತ್ತಲೇ ಇರುತ್ತಾರೆ. ಕ್ರಿಸ್ಮಸ್‌ಗೆ ಅಕ್ಕಿ, ಬೇಳೆ, ಸೀರೆಯ ಕಿಟ್ ಹೋಗುತ್ತದೆ. ಆದರೂ ಒಂದು ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿಕೊಳ್ಳಬೇಕು. ಈ ವರ್ಷ ಕಿಟ್ ತೆಗೆದುಕೊಂಡ ಮನೆಯವರು ಮುಂದಿನ ವರ್ಷವೂ ಅದೇ ಸಾಲಿನಲ್ಲಿ ಯಾಕೆ ನಿಲ್ಲುತ್ತಾರೆ?

ನನಗೆ ಕಂಡ ಕಾರಣ ಇದು. ಧರ್ಮಕೇಂದ್ರದ (ಒಂದು ಚರ್ಚಿಗೆ ಸೇರಿದ ಮನೆಗಳ ಸಮುದಾಯ, ಪ್ಯಾರಿಷ್) ಹಣ ಸಣ್ಣದು. ಆ ಸಣ್ಣ ಹಣವನ್ನು ನಾವು ಸರ್ಕಾರ ಈಗಾಗಲೇ ಕೊಡುತ್ತಿರುವ ವಸ್ತುವಿನ ಮೇಲೆಯೇ ಖರ್ಚು ಮಾಡುತ್ತೇವೆ. ಅಕ್ಕಿ ರೇಷನ್ ಅಂಗಡಿಯಲ್ಲಿ ಸಿಗುತ್ತದೆ. ಆದರೆ ರೇಷನ್ ಕಾರ್ಡ್ ಮಾಡಿಸಲು ಹೋದರೆ ಒಂದು ದಿನದ ಕೂಲಿ ಹೋಗುತ್ತದೆ, ಬಸ್ ಚಾರ್ಜು ಬೇಕು, ಜೊತೆಗೆ ನಿಂತು ಮಾತಾಡುವ ಒಬ್ಬರು ಬೇಕು. ಇವು ಮಾತ್ರ ಎಲ್ಲಿಯೂ ಸಿಗುವುದಿಲ್ಲ. ನಮ್ಮ ಕಾಣಿಕೆ ಹೋಗಬೇಕಾದ್ದು ಅಲ್ಲಿಗೆ.

ನಮ್ಮ ಚಿಕ್ಕಮಗಳೂರು ಧರ್ಮಪ್ರಾಂತ್ಯ (ಒಬ್ಬ ಬಿಷಪರ ಆಡಳಿತದ ವ್ಯಾಪ್ತಿ) ಶುರುವಾದದ್ದು 1963ರಲ್ಲಿ. ಚಿಕ್ಕಮಗಳೂರು, ಹಾಸನ ಎರಡೂ ಜಿಲ್ಲೆ ಇದರೊಳಗೆ ಬರುತ್ತವೆ. ಮೂಡಿಗೆರೆ, ಸಕಲೇಶಪುರ, ಬಾಳೆಹೊನ್ನೂರು ಕಡೆ ಕಾಫಿ ತೋಟದ ಕೂಲಿ. ಅರಸೀಕೆರೆ, ಚನ್ನರಾಯಪಟ್ಟಣ ಕಡೆ ರಾಗಿ, ತೆಂಗು. ಹಾಸನದ ಸುತ್ತ ಆಲೂಗೆಡ್ಡೆ, ಜೊತೆಗೆ ಗಾರ್ಮೆಂಟ್ಸ್. ನಾನು ತೋಟದ ಕಡೆಯವನಾದ್ದರಿಂದ ಉದಾಹರಣೆಗಳು ಹೆಚ್ಚಾಗಿ ಲೈನ್ ಮನೆಗಳದ್ದೇ (ತೋಟದಲ್ಲಿ ಕೂಲಿಯವರಿಗೆ ಸಾಲಾಗಿ ಕಟ್ಟಿಸಿದ ಮನೆ) ಬರುತ್ತವೆ. ಬಯಲು ಕಡೆಯವರು ತಮ್ಮೂರಿಗೆ ಹೊಂದಿಸಿಕೊಳ್ಳಿ.

ಮೊದಲು ಕ್ಯಾಲೆಂಡರ್ ನೋಡಿ

ಕಾಫಿ ಸೀಮೆಯಲ್ಲಿ ದುಡ್ಡಿಗೂ ಒಂದು ಕಾಲ ಇದೆ. ಅರೇಬಿಕಾ ಕುಯ್ಲು ನವೆಂಬರ್ ಸುಮಾರಿಗೆ ಶುರು. ರೊಬಸ್ಟಾ ಫೆಬ್ರವರಿ, ಮಾರ್ಚ್‌ವರೆಗೂ ಎಳೆಯುತ್ತದೆ. ಆ ದಿನಗಳಲ್ಲಿ ಗಂಡ ಹೆಂಡತಿ ಇಬ್ಬರಿಗೂ ಕೆಲಸ ಇರುತ್ತದೆ. ಕೆಜಿ ಲೆಕ್ಕದಲ್ಲಿ ಕುಯ್ದರೆ ಕೂಲಿ ಸ್ವಲ್ಪ ಜಾಸ್ತಿನೇ ಸಿಗುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ಹಿಡಿದುಬಿಟ್ಟರೆ ಕೆಲಸ ಕಡಿಮೆ, ಖರ್ಚು ಜಾಸ್ತಿ. ಶಾಲೆ ಶುರು, ಕಾಲೇಜು ಅಡ್ಮಿಷನ್, ಮಕ್ಕಳಿಗೆ ಜ್ವರ, ಸೋರುವ ಮಾಡು. ಸಾಲ ಹುಟ್ಟುವುದು ಈ ತಿಂಗಳುಗಳಲ್ಲೇ.

ತಪಸ್ಸುಕಾಲ ಬರುವುದು ಕುಯ್ಲು ಮುಗಿಯುವ ಹೊತ್ತಿಗೆ. ನಾವು ಹಣ ಸೇರಿಸಿ ಪಾಸ್ಕ ಹಬ್ಬದೊಳಗೆ ಹಂಚಿ ಮುಗಿಸಿದರೆ, ಅವರಿಗೆ ಕಷ್ಟ ಶುರುವಾಗುವಾಗ ನಮ್ಮ ಡಬ್ಬಿ ಬರಿದಾಗಿರುತ್ತದೆ. ಅದಕ್ಕೇ ಹೀಗೆ ಮಾಡಿ. ತಪಸ್ಸುಕಾಲದ ನಲವತ್ತು ದಿನದಲ್ಲಿ ಹಣ ಸೇರಿಸಿ. ಏಪ್ರಿಲ್‌ನಲ್ಲಿ ಮನೆಗಳಿಗೆ ಹೋಗಿ ಮಾತಾಡಿ. ಮೇ ಮೊದಲ ವಾರದೊಳಗೆ ಯಾರಿಗೆ ಏನು ಎಂದು ತೀರ್ಮಾನಿಸಿ. ಹಣ ಮೇ, ಜೂನ್‌ನಲ್ಲಿ ತಲುಪಲಿ. ಒಂದು ಪಾಲು ಆಗಸ್ಟ್‌ಗೆ ಮೀಸಲಿರಲಿ.

ಡಿಸೆಂಬರ್ ಕಿಟ್ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಹಬ್ಬದ ದಿನ ಒಂದು ಮನೆಯಲ್ಲಿ ಒಲೆ ಉರಿಯದೆ ಇರಬಾರದು. ಆದರೆ ವರ್ಷದ ಹಣವೆಲ್ಲ ಅದಕ್ಕೇ ಹೋಗಬಾರದು.

ಕಾಣಿಕೆಗಿಂತ ಮೊದಲು ಕೂಲಿ

ನಮ್ಮ ಧರ್ಮಕೇಂದ್ರಗಳಲ್ಲಿ ತೋಟದ ಮಾಲೀಕರೂ ಇದ್ದಾರೆ, ಲೆಕ್ಕ ಬರೆಯುವ ರೈಟರೂ ಇದ್ದಾರೆ, ಕುಯ್ಯುವವರೂ ಇದ್ದಾರೆ. ಎಲ್ಲರೂ ಒಂದೇ ಬಲಿಪೂಜೆಗೆ (ಚರ್ಚಿನ ಮಾಸ್) ಬರುತ್ತಾರೆ. ಆದ್ದರಿಂದ ಈ ಮಾತನ್ನು ಬಿಟ್ಟು ಮುಂದೆ ಹೋಗಲು ಆಗುವುದಿಲ್ಲ. ಕೆಲಸದವರ ಕೂಲಿಯನ್ನು ಮರುದಿನ ಬೆಳಗಿನವರೆಗೂ ಇಟ್ಟುಕೊಳ್ಳಬೇಡ ಎನ್ನುತ್ತದೆ ಬೈಬಲಿನ ಯಾಜಕಕಾಂಡದ 19ನೇ ಅಧ್ಯಾಯ. ತಡೆಹಿಡಿದ ಕೂಲಿ ದೇವರಿಗೆ ಕೇಳುವಂತೆ ಕೂಗುತ್ತದೆ ಎನ್ನುತ್ತದೆ ಯಕೋಬನ ಪತ್ರ. 1891ರಲ್ಲಿ ಪೋಪ್ 13ನೇ ಲಿಯೋ ಕಾರ್ಮಿಕರ ಬಗ್ಗೆ ಬರೆದ ವಿಶ್ವಪತ್ರದಲ್ಲಿ (ಪೋಪ್ ಇಡೀ ಧರ್ಮಸಭೆಗೆ ಬರೆಯುವ ಪತ್ರ), ಕೂಲಿ ಎಂದರೆ ದುಡಿದವನು ಮರ್ಯಾದೆಯಿಂದ ಬದುಕಲು ಸಾಕಾಗುವಷ್ಟು ಇರಬೇಕು ಎಂದು ವಾದಿಸಿದರು. ಈಗಿನ ಪೋಪ್ 14ನೇ ಲಿಯೋ 2025ರಲ್ಲಿ ಆ ಹೆಸರು ಆರಿಸಿಕೊಂಡದ್ದಕ್ಕೆ ಅದೂ ಒಂದು ಕಾರಣ.

ನಿಮ್ಮ ತೋಟದಲ್ಲಿ, ಅಂಗಡಿಯಲ್ಲಿ, ಮನೆಯಲ್ಲಿ ದುಡಿಯುವವರಿಗೆ ಕನಿಷ್ಠ ಕೂಲಿ ಸಿಗುತ್ತಿದೆಯಾ? ಪಿಎಫ್ ಕಟ್ಟಬೇಕಾದವರಿಗೆ ಸರಿಯಾಗಿ ಕಟ್ಟುತ್ತಿದ್ದೀರಾ? ಐದು ವರ್ಷ ದುಡಿದು ಬಿಟ್ಟವರಿಗೆ ಗ್ರಾಚ್ಯುಟಿ ಕೊಟ್ಟಿದ್ದೀರಾ? ಇದು ಕೊಡಬೇಕಾದ ಬಾಕಿ. ಬಾಕಿಯನ್ನು ಇಟ್ಟುಕೊಂಡು ಕವರಿಗೆ ಹಾಕುವ ಹಣವನ್ನು ದಾನ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಹಣ ಸೇರಿಸಿ, ಬೇರೆ ಇಡಿ

ಕಥೋಲಿಕರಿಗೆ ಇಂತಿಷ್ಟೇ ಶೇಕಡಾ ಕೊಡಬೇಕು ಎಂಬ ಕಟ್ಟಳೆ ಇಲ್ಲ. ಆದರೆ ತಮ್ಮ ಸ್ವಂತ ಸಂಪಾದನೆಯಿಂದ ಬಡವರಿಗೆ ನೆರವಾಗುವುದು ಪ್ರತಿಯೊಬ್ಬರ ಹೊಣೆ ಎಂದು ಧರ್ಮಸಭೆಯ ಕಾನೂನಿನ 222ನೇ ವಿಧಿ ಹೇಳುತ್ತದೆ. ನನ್ನ ಸಲಹೆ ಸರಳ. ತಿಂಗಳಿಗೆ ಒಂದು ಗಂಟೆಯ ದುಡಿಮೆಯಿಂದ ಹಿಡಿದು ಒಂದು ದಿನದ ದುಡಿಮೆಯವರೆಗೆ, ಯಾರಿಗೆ ಎಷ್ಟು ಸಾಧ್ಯವೋ ಅಷ್ಟು. ಕೇರಳದ ಕಥೋಲಿಕ ಮನೆಗಳಲ್ಲಿ ಅನ್ನಕ್ಕೆ ಇಡುವಾಗ ಒಂದು ಹಿಡಿ ಅಕ್ಕಿ ತೆಗೆದಿಡುವ ‘ಪಿಡಿಯರಿ’ ಪದ್ಧತಿ ಇದೆ. ದಿನವೂ ತೆಗೆದಿಡುವುದರಿಂದ ಭಾರ ಅನ್ನಿಸುವುದಿಲ್ಲ. ಬಡ ಮನೆಯವರೂ ಕೊಡುವವರ ಸಾಲಿಗೆ ಬರುತ್ತಾರೆ. ಇದು ಮುಖ್ಯ. ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಎರಡು ಕಾಸು ಹಾಕಿದ ವಿಧವೆಯನ್ನು ಯೇಸು ಎಲ್ಲರಿಗಿಂತ ಹೆಚ್ಚು ಕೊಟ್ಟವಳು ಎಂದದ್ದು ನೆನಪಿದೆಯಲ್ವಾ?

ಲೆಕ್ಕ ಹಾಕಿ ನೋಡಿ. 150 ಮನೆಗಳಿರುವ ಒಂದು ಧರ್ಮಕೇಂದ್ರ ಎಂದಿಟ್ಟುಕೊಳ್ಳಿ. ಮನೆಗೆ ತಿಂಗಳಿಗೆ 100 ರೂಪಾಯಿ ಸರಾಸರಿ ಬಂದರೆ ವರ್ಷಕ್ಕೆ 1,80,000 ರೂಪಾಯಿ. ಸಣ್ಣ ಹಣ ಅಲ್ಲ, ಹಾಗಂತ ಎಲ್ಲರಿಗೂ ಹಂಚುವಷ್ಟು ದೊಡ್ಡದೂ ಅಲ್ಲ. ನೂರು ಮನೆಗೆ 1,800 ರೂಪಾಯಿ ಹಂಚಿದರೆ ಒಂದು ವಾರದಲ್ಲಿ ಕರಗುತ್ತದೆ. ಹತ್ತು ಹನ್ನೆರಡು ಮನೆಗಳ ಜೊತೆ ವರ್ಷವಿಡೀ ನಿಂತರೆ ಏನೋ ಬದಲಾಗುತ್ತದೆ.

ಈ ಹಣ ಚರ್ಚಿನ ಕಟ್ಟಡ, ಹಬ್ಬ, ಸೌಂಡ್ ಸಿಸ್ಟಮ್ ಖರ್ಚಿನ ಜೊತೆ ಬೆರೆಯಬಾರದು. ಫಾದರ್ ಜೊತೆ ಕೂತು ಮೊದಲೇ ಮಾತಾಡಿ. ಯಾವ ಉದ್ದೇಶಕ್ಕೆ ಜನ ಕೊಟ್ಟರೋ ಅದಕ್ಕೇ ಬಳಸಬೇಕು ಎಂದು ಧರ್ಮಸಭೆಯ ಕಾನೂನೇ (ವಿಧಿ 1267) ಹೇಳುತ್ತದೆ. ಕೊಟ್ಟವರಿಗೆ ಲೆಕ್ಕ ಒಪ್ಪಿಸಬೇಕು ಎಂದು 1287ನೇ ವಿಧಿ ಹೇಳುತ್ತದೆ. ಪ್ರತಿ ಧರ್ಮಕೇಂದ್ರಕ್ಕೂ ಹಣಕಾಸು ಸಮಿತಿ ಇರಲೇಬೇಕು. ಆ ಸಮಿತಿಯ ಪುಸ್ತಕದಲ್ಲೇ ಬಡವರ ನಿಧಿಗೆ ಬೇರೆ ಪುಟ, ಸಾಧ್ಯವಾದರೆ ಬೇರೆ ಬ್ಯಾಂಕ್ ಖಾತೆ, ಎರಡು ಸಹಿ. ತಿಂಗಳಿಗೊಮ್ಮೆ ಬಲಿಪೂಜೆ ಮುಗಿದ ಮೇಲೆ ಎಷ್ಟು ಬಂತು, ಎಷ್ಟು ಹೋಯಿತು, ಯಾವ ಬಗೆಯ ಖರ್ಚು ಎಂದು ಓದಿ ಹೇಳಲಿ. ನೆರವು ಪಡೆದವರ ಹೆಸರು ಮಾತ್ರ ಎಲ್ಲೂ ಬರಬಾರದು.

ಇಬ್ಬರಿಬ್ಬರಾಗಿ ಮನೆಗೆ ಹೋಗಿ

1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡೆರಿಕ್ ಓಜಾನಾಂ ಎಂಬ 20 ವರ್ಷದ ವಿದ್ಯಾರ್ಥಿ ಕೆಲವು ಗೆಳೆಯರ ಜೊತೆ ಬಡವರ ಮನೆಗೆ ಹೋಗಲು ಶುರು ಮಾಡಿದ. ಆ ಬೀದಿಗಳನ್ನು ಚೆನ್ನಾಗಿ ಬಲ್ಲ ಸಿಸ್ಟರ್ ರೊಸಾಲಿ ರೆಂದು ಅವರಿಗೆ ದಾರಿ ಹೇಳಿಕೊಟ್ಟರು. ಅದೇ ಸಂತ ವಿನ್ಸೆಂಟ್ ದ ಪೌಲ್ ಸೊಸೈಟಿ. ನಮ್ಮೂರಿನ ಎಷ್ಟೋ ಚರ್ಚುಗಳಲ್ಲಿ ಎಸ್‌ವಿಪಿ ಎಂದು ಕರೆಯುವುದು ಇದನ್ನೇ. ಅವರ ಮುಖ್ಯ ಕ್ರಮ ಇವತ್ತಿಗೂ ಬದಲಾಗಿಲ್ಲ: ಒಬ್ಬರೇ ಹೋಗುವುದಿಲ್ಲ, ಇಬ್ಬರು ಹೋಗುತ್ತಾರೆ, ಬಡವರನ್ನು ಆಫೀಸಿಗೆ ಕರೆಸುವುದಿಲ್ಲ, ತಾವೇ ಅವರ ಮನೆಗೆ ಹೋಗುತ್ತಾರೆ.

ನಿಮ್ಮಲ್ಲಿ ಎಸ್‌ವಿಪಿ ಇದ್ದರೆ ಅವರ ಜೊತೆ ಸೇರಿ. ಇಲ್ಲದಿದ್ದರೆ ವಾಳೆಯ (ಧರ್ಮಕೇಂದ್ರದ ವಾರ್ಡು) ಗುರಿಕಾರರು, ಒಬ್ಬ ಸಿಸ್ಟರ್, ಒಬ್ಬ ನಿವೃತ್ತ ಮೇಷ್ಟ್ರು, ಅರ್ಜಿ ತುಂಬಲು ಬರುವ ಒಂದಿಬ್ಬರು ಹುಡುಗ ಹುಡುಗಿಯರು ಸಾಕು. ಜೋಡಿಯಲ್ಲಿ ಒಬ್ಬರಾದರೂ ಹೆಂಗಸು ಇರಲಿ. ಮನೆಯ ನಿಜವಾದ ಲೆಕ್ಕ ಗೊತ್ತಿರುವುದು ಮನೆಯಾಕೆಗೆ. ಆಕೆ ಗಂಡಸರ ಎದುರು ಎಲ್ಲ ಹೇಳುವುದಿಲ್ಲ.

ಹೋಗುವ ಹೊತ್ತೂ ಮುಖ್ಯ. ತೋಟದ ಕೆಲಸ ಬಿಟ್ಟು, ನೀರು ಸೌದೆ ಮುಗಿಸಿ, ಸ್ವಲ್ಪ ಕೂರುವ ಹೊತ್ತಿಗೆ ಹೋಗಿ. ಭಾನುವಾರ ಸಂತೆಯ ದಿನವಾದರೆ ಬೇಡ. ಫಾರಂ, ಪೆನ್ನು ಹಿಡಿದುಕೊಂಡೇ ಒಳಗೆ ಹೋದರೆ ಸರ್ವೆಯವರು ಬಂದರು ಅನ್ನಿಸುತ್ತದೆ. ಕೊಟ್ಟ ಕಾಫಿ ಕುಡಿಯಿರಿ. ಆಮೇಲೆ ಹೀಗೆ ಕೇಳಬಹುದು:

“ಅಕ್ಕ, ಮಳೆಗಾಲದಲ್ಲಿ ಎಷ್ಟು ದಿನ ಕೆಲಸ ಸಿಗುತ್ತೆ? ಆಗ ಹೇಗೆ ನಡೆಸ್ತೀರಿ?”

“ಏನು ಮಾಡೋದು ಅಣ್ಣ, ಸಂಘದಲ್ಲಿ ತಗೋತೀವಿ. ಅದು ಕಟ್ಟೋಕೆ ಇನ್ನೊಂದು ಕಡೆ ತಗೋತೀವಿ.”

“ಕೈಗೆ ಒಂದಿಷ್ಟು ದುಡ್ಡು ಬಂದರೆ ಮೊದಲು ಯಾವುದನ್ನ ಸರಿ ಮಾಡ್ತೀರಿ?”

ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಅದಕ್ಕೆ ಬರುವ ಉತ್ತರ ನಾವು ಊಹಿಸಿದ್ದು ಆಗಿರುವುದೇ ಇಲ್ಲ. ನಾವು ಮಾಡು ರಿಪೇರಿ ಎಂದುಕೊಂಡು ಹೋಗಿರುತ್ತೇವೆ. ಅವರು ಮಗಳ ಹಾಸ್ಟೆಲ್ ಎನ್ನುತ್ತಾರೆ, ಅಡ ಇಟ್ಟ ಓಲೆ ಎನ್ನುತ್ತಾರೆ, ಕಣ್ಣಿನ ಆಪರೇಷನ್ ಎನ್ನುತ್ತಾರೆ. ಅವರು ಹೇಳಿದ್ದನ್ನೇ ಬರೆದುಕೊಳ್ಳಿ.

ಎರಡು ವಿಷಯದಲ್ಲಿ ಗಟ್ಟಿಯಾಗಿರಿ. ಮೊದಲನೆಯದು ಫೋಟೊ. ಅಕ್ಕಿ ಚೀಲ ಹಿಡಿದು ನಿಂತ ಅಮ್ಮನ ಫೋಟೊ ವಾಟ್ಸಾಪ್ ಗುಂಪಿಗೆ ಹೋಗಬಾರದು. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗದಿರಲಿ ಎಂದು ಶುಭಸಂದೇಶದಲ್ಲಿ ಓದುವ ನಾವು ಊರಿಗೆಲ್ಲ ತೋರಿಸುವುದು ಸರಿಯಲ್ಲ. ಎರಡನೆಯದು ಧರ್ಮ. ಲೈನ್ ಮನೆಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಎಲ್ಲರೂ ಇದ್ದಾರೆ. ಅಸ್ಸಾಂ, ಬಂಗಾಳದಿಂದ ಬಂದವರೂ ಇದ್ದಾರೆ. ಕಷ್ಟ ನೋಡಿ ಕೊಡಿ, ಜ್ಞಾನಸ್ನಾನ (ಬ್ಯಾಪ್ಟಿಸಮ್) ನೋಡಿ ಅಲ್ಲ. ಸೇವೆಯನ್ನು ಮತಾಂತರದ ಸಾಧನವಾಗಿ ಬಳಸಬಾರದು, ಪ್ರೀತಿಗೆ ಪ್ರತಿಫಲ ಕೇಳಬಾರದು ಎಂದು ಪೋಪ್ 16ನೇ ಬೆನೆಡಿಕ್ಟ್ ತಮ್ಮ ಮೊದಲ ವಿಶ್ವಪತ್ರದಲ್ಲೇ ಸ್ಪಷ್ಟವಾಗಿ ಬರೆದಿದ್ದಾರೆ. ಚರ್ಚಿಗೆ ಬರುವಂತೆ ಕೇಳಬೇಡಿ, ಕೇಳಿದಂತೆ ಕಾಣುವ ಮಾತನ್ನೂ ಆಡಬೇಡಿ.

ತೀರ್ಮಾನ ಮಾಡುವಾಗ ಅವರೂ ಇರಲಿ

ಅಮೆರಿಕದ ಕಥೋಲಿಕ ಧರ್ಮಾಧ್ಯಕ್ಷರು (ಬಿಷಪರು) 1969ರಲ್ಲಿ ಬಡತನದ ವಿರುದ್ಧ ಒಂದು ಅಭಿಯಾನ ಶುರು ಮಾಡಿದರು. ವರ್ಷಕ್ಕೊಮ್ಮೆ ನವೆಂಬರ್‌ನಲ್ಲಿ ಎಲ್ಲ ಚರ್ಚುಗಳಲ್ಲಿ ಕಾಣಿಕೆ ಎತ್ತುತ್ತಾರೆ. ಕಾಲು ಭಾಗ ಅದೇ ಧರ್ಮಪ್ರಾಂತ್ಯದಲ್ಲಿ ಉಳಿಯುತ್ತದೆ, ಮಿಕ್ಕಿದ್ದು ದೇಶದ ನಿಧಿಗೆ ಹೋಗುತ್ತದೆ. ಆ ಹಣ ಪಡೆಯುವ ಗುಂಪಿನಲ್ಲಿ ಬಡವರೇ ತೀರ್ಮಾನ ಮಾಡುವ ಸ್ಥಾನದಲ್ಲಿರಬೇಕು ಎಂಬ ನಿಯಮ ಇಟ್ಟರು. ನಮ್ಮ ಸಮಿತಿಗಳಿಗೂ ಇದನ್ನು ತರಲು ಏನೂ ಕಷ್ಟವಿಲ್ಲ. ಏಳು ಜನರ ಸಮಿತಿಯಾದರೆ ಮೂವರಾದರೂ ಕೂಲಿ ಮಾಡುವ ಮನೆಯವರು ಇರಲಿ. ಸಭೆ ಕೆಲಸದ ಹೊತ್ತಿನಲ್ಲಿ ಇಡಬೇಡಿ.

ಯಾವ ಮನೆಗೆ ನಿಜವಾಗಿ ಕಷ್ಟ, ಯಾರು ಬಾಯಿ ಬಿಟ್ಟು ಹೇಳುವುದಿಲ್ಲ, ಯಾರ ಕೈಗೆ ನಗದು ಕೊಟ್ಟರೆ ಹೆಂಡದಂಗಡಿಗೆ ಹೋಗುತ್ತದೆ ಎಂಬುದು ಪಕ್ಕದ ಲೈನಿನವರಿಗೆ ಗೊತ್ತು. ಚರ್ಚಿನ ಮುಂದಿನ ಬೆಂಚಿನವರಿಗೆ ಗೊತ್ತಿಲ್ಲ.

ಎಲ್ಲಕ್ಕಿಂತ ದೊಡ್ಡ ನೆರವು ಕಾಗದಪತ್ರ

ಈ ಭಾಗವನ್ನು ನಿಧಾನವಾಗಿ ಓದಿ. ಕಡಿಮೆ ಹಣದಲ್ಲಿ ಜಾಸ್ತಿ ಫಲ ಸಿಗುವುದು ಇಲ್ಲೇ.

ಒಂದು ಮನೆಯ ಬಳಿ ಬಿಪಿಎಲ್ ಕಾರ್ಡ್ ಇದ್ದರೆ ಅನ್ನಭಾಗ್ಯದ ಅಕ್ಕಿ ಬರುತ್ತದೆ. ಕಾರ್ಡಿನಲ್ಲಿ ಯಜಮಾನಿ ಎಂದು ಹೆಸರಿರುವ ಹೆಂಗಸಿಗೆ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಬರುತ್ತದೆ. ವರ್ಷಕ್ಕೆ 24,000. ಆಯುಷ್ಮಾನ್ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಇಷ್ಟನ್ನು ಕೊಡುವ ಶಕ್ತಿ ಯಾವ ಧರ್ಮಕೇಂದ್ರಕ್ಕೂ ಇಲ್ಲ. ಆದರೆ ಇದನ್ನೆಲ್ಲ ತಡೆದು ನಿಲ್ಲಿಸಿರುವುದು ಬಹಳ ಸಲ ಕೆಲವೇ ನೂರು ರೂಪಾಯಿಯ ತೊಂದರೆ. ಹೆಸರಿನ ಒಂದಕ್ಷರ ತಪ್ಪು, ಬದಲಾದ ಫೋನ್ ನಂಬರ್, ಆಧಾರ್‌ಗೆ ಜೋಡಿಸದ ಬ್ಯಾಂಕ್ ಖಾತೆ, ಮದುವೆಯಾಗಿ ಬಂದ ಮೇಲೆ ಬದಲಾಯಿಸದ ವಿಳಾಸ.

ಕಥೋಲಿಕ ಮನೆಗಳಲ್ಲಿ ಹೆಸರಿನ ಗೋಜಲು ಇನ್ನೂ ಜಾಸ್ತಿ. ಚರ್ಚಿನ ರಿಜಿಸ್ಟರಿನಲ್ಲಿ ಮರಿಯಮ್ಮ, ತೋಟದ ಚೆಕ್‌ರೋಲಿನಲ್ಲಿ (ಹಾಜರಿ ಪುಸ್ತಕ) ಮೇರಿ, ಆಧಾರ್‌ನಲ್ಲಿ ಮರಿಯ. ಕೆಲಸ ಬಿಟ್ಟ ಮೇಲೆ ಪಿಎಫ್ ಹಣ ಸಿಕ್ಕಿಹಾಕಿಕೊಳ್ಳುವುದು ಇಂಥ ಜಾಗದಲ್ಲೇ. 10 ವರ್ಷ ಪಿಎಫ್ ಕಟ್ಟಿಸಿಕೊಂಡವರಿಗೆ 58ಕ್ಕೆ ಪಿಂಚಣಿ ಸಿಗಬೇಕು. ಕಡಿಮೆ ಎಂದರೂ ತಿಂಗಳಿಗೆ 1,000 ರೂಪಾಯಿ. ಆ ಅಮ್ಮನಿಗೆ ಅದು ಗೊತ್ತೇ ಇರುವುದಿಲ್ಲ. ಚಿಕ್ಕಮಗಳೂರಿನಲ್ಲೇ ಪಿಎಫ್ ಕಚೇರಿ ಇದೆ. ಯಾರಾದರೂ ಕೈಹಿಡಿದು ಕರೆದುಕೊಂಡು ಹೋಗಬೇಕು ಅಷ್ಟೇ. ಜನನ ಪತ್ರ ಇಲ್ಲದ ಹಳಬರಿಗೆ ಜ್ಞಾನಸ್ನಾನದ ರಿಜಿಸ್ಟರಿನ ಪ್ರತಿ ಪೂರಕ ದಾಖಲೆಯಾಗಿ ನೆರವಾಗಬಹುದು. ಫಾದರ್ ಅದನ್ನು ಪುಕ್ಕಟೆಯಾಗಿ ಬರೆದುಕೊಡಲಿ.

ಕೆಲಸದ ಕ್ರಮ ಹೀಗಿರಲಿ. ಪ್ರತಿ ಮನೆಗೆ ಒಂದು ಪ್ಲಾಸ್ಟಿಕ್ ಫೈಲು ಕೊಡಿ. ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಿಎಫ್ ನಂಬರ್, ಅಸಂಘಟಿತ ಕಾರ್ಮಿಕರ ಇ-ಶ್ರಮ್ ಕಾರ್ಡ್ ಇವುಗಳ ಪ್ರತಿ ಅದರಲ್ಲಿರಲಿ. ಏನಿಲ್ಲ ಎಂದು ಒಂದು ಚೀಟಿಯಲ್ಲಿ ಬರೆಯಿರಿ. ನಾಡಕಚೇರಿಗೆ ಹೋಗುವ ದಿನ ಐದಾರು ಜನರನ್ನು ಒಟ್ಟಿಗೆ ಕರೆದುಕೊಂಡು ಹೋಗಿ. ಅವರ ಬಸ್ ಚಾರ್ಜು, ಊಟ, ಅರ್ಜಿ ಶುಲ್ಕ, ಅಫಿಡವಿಟ್ ಖರ್ಚು ನಿಧಿಯಿಂದ ಕೊಡಿ. ಆ ದಿನದ ಕೂಲಿಯನ್ನೂ ಕೊಡಿ. ಕೂಲಿ ಯಾಕೆ ಎಂದು ಸಮಿತಿಯಲ್ಲಿ ಯಾರಾದರೂ ಕೇಳುತ್ತಾರೆ. ಒಂದು ದಿನ ಕೆಲಸ ಬಿಟ್ಟರೆ ರಾತ್ರಿ ಒಲೆ ಉರಿಯದ ಮನೆಯವರು ಇಷ್ಟು ವರ್ಷ ನಾಡಕಚೇರಿಗೆ ಹೋಗದೇ ಇದ್ದದ್ದಕ್ಕೆ ಅದೇ ಕಾರಣ ಎಂದು ಹೇಳಿ.

ಜಾತಿ ಪ್ರಮಾಣಪತ್ರದಲ್ಲಿ ಒಂದು ಎಚ್ಚರ. ಕರ್ನಾಟಕದ ಹಿಂದುಳಿದ ವರ್ಗಗಳ ಮೀಸಲಾತಿ ಪಟ್ಟಿಯಲ್ಲಿ ಕ್ರೈಸ್ತರು ಸಾಮಾನ್ಯವಾಗಿ ಪ್ರವರ್ಗ 3ಬಿ. ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದ ಮನೆತನದವರು ಪ್ರವರ್ಗ 1ರಲ್ಲಿ ಬರುತ್ತಾರೆ. ಇದು ಗೊತ್ತಿಲ್ಲದೆ 3ಬಿ ಎಂದು ಬರೆಸಿಕೊಂಡರೆ ಮಕ್ಕಳ ಮೀಸಲಾತಿ, ವಿದ್ಯಾರ್ಥಿವೇತನ ಎರಡಕ್ಕೂ ಪೆಟ್ಟು.

ಮನೆ ಜಾಗದ ವಿಷಯ ಇನ್ನೂ ಕಷ್ಟ. ತೋಟದ ಕೆಲಸ ನಿಂತ ದಿನ ಲೈನ್ ಮನೆಯೂ ಹೋಗುತ್ತದೆ. ಮೂವತ್ತು ನಲವತ್ತು ವರ್ಷ ದುಡಿದವರಿಗೆ ಕಾಲಿಡಲು ಸ್ವಂತದ್ದು ಒಂದು ಗೇಣು ಇಲ್ಲ. ನಮ್ಮ ಧರ್ಮಪ್ರಾಂತ್ಯಕ್ಕೆ ಇದು ಹೊಸದಲ್ಲ. ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯ ಪಾಳುಬಿದ್ದ ಚರ್ಚ್ ನೋಡಲು ದೂರದೂರದಿಂದ ಜನ ಬರುತ್ತಾರೆ. ಹೇಮಾವತಿ ಜಲಾಶಯದ ನೀರಿಗಾಗಿ ಆ ಊರಿನವರು ಮನೆ, ಗದ್ದೆ, ದೇವಾಲಯ ಬಿಟ್ಟು ಎದ್ದು ಹೋಗಬೇಕಾಯಿತು. ನೆಲ ಕಳೆದುಕೊಳ್ಳುವುದು ಎಂದರೇನು ಎಂದು ನಮ್ಮ ಹಿರಿಯರಿಗೆ ಗೊತ್ತಿತ್ತು. ಆದ್ದರಿಂದ ನಿವೇಶನಕ್ಕೆ ಅರ್ಜಿ, ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆಗೆ ಹಕ್ಕುಪತ್ರ, ಗ್ರಾಮಸಭೆಯ ವಸತಿ ಪಟ್ಟಿಯಲ್ಲಿ ಹೆಸರು, ಇವುಗಳ ಹಿಂದೆ ಬೀಳಿ. ಗ್ರಾಮಸಭೆಯ ದಿನ ಸಮಿತಿಯವರೂ ಹೋಗಿ ಕೂರಿ. ಇದು ಒಂದು ವರ್ಷದಲ್ಲಿ ಮುಗಿಯುವುದಿಲ್ಲ. ಅರ್ಜಿಯ ಸ್ವೀಕೃತಿ ಚೀಟಿಯನ್ನು ಫೈಲಿನಲ್ಲಿ ಇಟ್ಟುಕೊಂಡು ಬೆನ್ನು ಹತ್ತುತ್ತಲೇ ಇರಬೇಕು.

ಬಡ್ಡಿ ಸಾಲ ಬಿಡಿಸುವುದು

20,000 ರೂಪಾಯಿ ಸಾಲ, ತಿಂಗಳಿಗೆ ನೂರಕ್ಕೆ 5 ರೂಪಾಯಿ ಬಡ್ಡಿ ಎಂದಿಟ್ಟುಕೊಳ್ಳಿ. ತಿಂಗಳಿಗೆ 1,000 ರೂಪಾಯಿ ಬಡ್ಡಿಗೇ ಹೋಗುತ್ತದೆ. ವರ್ಷಕ್ಕೆ 12,000 ಕಟ್ಟಿದ ಮೇಲೂ ಅಸಲು ಹಾಗೇ ಇರುತ್ತದೆ. ಈಗ ನಿಧಿಯಿಂದ ಆ 20,000 ಕಟ್ಟಿ ಸಾಲ ತೀರಿಸಿ. ಆ ಮನೆಯವರು ಅದೇ 1,000 ರೂಪಾಯಿಯನ್ನು ತಿಂಗಳು ತಿಂಗಳು ನಿಧಿಗೆ ವಾಪಸ್ ಕೊಡಲಿ. 20 ತಿಂಗಳಿಗೆ ಎಲ್ಲ ಮುಗಿಯಿತು. ಅವರ ಕೈಯಿಂದ ಒಂದು ರೂಪಾಯಿಯೂ ಜಾಸ್ತಿ ಹೋಗಲಿಲ್ಲ. ನಿಧಿಯ ಹಣವೂ ಇನ್ನೊಂದು ಮನೆಗೆ ಸಿದ್ಧವಾಯಿತು. ಮಳೆಗಾಲದ ತಿಂಗಳಲ್ಲಿ ಕಂತು ಬೇಡ ಎಂದು ಮೊದಲೇ ಹೇಳಿಬಿಡಿ. ಕುಯ್ಲಿನಲ್ಲಿ ಸೇರಿಸಿ ಕೊಡುತ್ತಾರೆ.

ಕೆಲವು ಎಚ್ಚರಿಕೆ ಬೇಕು. ಸಾಲ ಕೊಟ್ಟವನ ಕೈಗೆ ಹಣ ಕೊಡುವಾಗ ಸಮಿತಿಯ ಇಬ್ಬರು ಎದುರಿಗಿರಿ. ಬರೆಸಿಕೊಂಡ ಬಾಂಡ್ ಪೇಪರ್, ಖಾಲಿ ಚೆಕ್, ಇಟ್ಟುಕೊಂಡ ಎಟಿಎಂ ಕಾರ್ಡ್, ಅಡ ಇಟ್ಟ ಒಡವೆ ಎಲ್ಲವನ್ನೂ ಅಲ್ಲೇ ವಾಪಸ್ ಪಡೆಯಿರಿ. ನಿಧಿಯಿಂದ ಕೊಟ್ಟ ಹಣಕ್ಕೆ ಬಡ್ಡಿ ತೆಗೆದುಕೊಳ್ಳಬಾರದು, ಒಂದು ರೂಪಾಯಿ ಕೂಡ. ಈ ಕೆಲಸವನ್ನು ಧರ್ಮಪ್ರಾಂತ್ಯದ ಸಮಾಜಸೇವಾ ಸಂಸ್ಥೆ ನಡೆಸುವ ಮಹಿಳಾ ಸ್ವಸಹಾಯ ಸಂಘದ ಮೂಲಕ ಮಾಡಿದರೆ ಇನ್ನೂ ಒಳ್ಳೆಯದು. ಪುಸ್ತಕ ಬರೆಯುವ ಅಭ್ಯಾಸ ಅವರಿಗಿದೆ.

ಮೈಕ್ರೋಫೈನಾನ್ಸ್ ಸಾಲ ಇದ್ದರೆ ನಿಯಮ ತಿಳಿದಿರಲಿ. ಒಂದು ಕುಟುಂಬದ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧಕ್ಕಿಂತ ಹೆಚ್ಚಾಗಬಾರದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಮನೆ ಮುಂದೆ ಬಂದು ಬೆದರಿಸಿ ವಸೂಲಿ ಮಾಡುವುದರ ವಿರುದ್ಧ 2025ರಲ್ಲಿ ಕರ್ನಾಟಕ ಸರ್ಕಾರ ಕಾನೂನು ತಂದಿದೆ. ಯಾರಾದರೂ ಕೂಗಾಡುತ್ತಿದ್ದರೆ ಪೊಲೀಸ್ ಠಾಣೆಗೆ ಆ ಮನೆಯವರೊಬ್ಬರೇ ಹೋಗದಂತೆ ನೋಡಿಕೊಳ್ಳಿ. ಜೊತೆಗೆ ಹೋಗಿ.

ತೋಟದಿಂದ ಮುಂಗಡ ಪಡೆದು ಬಿಡಿಸಿಕೊಳ್ಳಲು ಆಗದೆ ಅಲ್ಲೇ ಉಳಿದವರೂ ಇರುತ್ತಾರೆ. ಸಾಲ ತೀರುವವರೆಗೂ ಬೇರೆ ಕಡೆ ಕೆಲಸಕ್ಕೆ ಹೋಗಬಾರದು ಎಂದು ಹಿಡಿದಿಟ್ಟುಕೊಳ್ಳುವುದು 1976ರ ಜೀತಪದ್ಧತಿ ರದ್ದತಿ ಕಾಯ್ದೆಯ ಪ್ರಕಾರ ಅಪರಾಧ. ಇಂಥದ್ದು ಕಂಡರೆ ನಿಧಿಯಿಂದ ಕೊಟ್ಟು ಬಿಡಿಸುವ ಮೊದಲು ತಹಶೀಲ್ದಾರರಿಗೆ ತಿಳಿಸಿ.

ಓದು: ಕಡಿಮೆ ಮಕ್ಕಳು, ಕೊನೆಯವರೆಗೆ

ನೋಟ್‌ಬುಕ್, ಬ್ಯಾಗ್ ಹಂಚುವವರು ಬಹಳ ಜನ ಇದ್ದಾರೆ. ಹುಡುಗರು ಬಿಟ್ಟುಹೋಗುವುದು ಎಸ್ಸೆಸ್ಸೆಲ್ಸಿ ಆದ ಮೇಲೆ. ತೋಟದಿಂದ ಕಾಲೇಜು ದೂರ, ಬೆಳಿಗ್ಗೆ ಒಂದೇ ಬಸ್ಸು, ಹಾಸ್ಟೆಲ್‌ಗೆ ಸೇರುವಾಗ ಒಟ್ಟಿಗೆ ಕಟ್ಟಬೇಕಾದ ಹಣ. ಹುಡುಗಿಯಾದರೆ ಮನೆಯವರಿಗೆ ಹೆದರಿಕೆ ಬೇರೆ.

ಹತ್ತು ಮಕ್ಕಳಿಗೆ ಒಂದು ವರ್ಷದ ಶುಲ್ಕ ಕಟ್ಟುವ ಬದಲು ಮೂರು ಮಕ್ಕಳಿಗೆ ಕೋರ್ಸ್ ಮುಗಿಯುವವರೆಗೂ ಕಟ್ಟುತ್ತೇವೆ ಎಂದು ಮಾತು ಕೊಡಿ. ಉಳಿದ ಏಳು ಮಕ್ಕಳನ್ನು ಬಿಡುವುದು ಹೇಗೆ ಎಂದು ಮನಸ್ಸು ಕೊರೆಯುತ್ತದೆ. ನನಗೂ ಕೊರೆಯುತ್ತದೆ. ಆದರೆ ಎರಡನೇ ವರ್ಷ ಶುಲ್ಕ ಕಟ್ಟಲಾಗದೆ ಅರ್ಧಕ್ಕೆ ಬಿಟ್ಟ ಹುಡುಗಿಗೆ ಮೊದಲ ವರ್ಷದ ನೆರವು ಏನೂ ಉಳಿಸುವುದಿಲ್ಲ. ಆ ಏಳು ಮಕ್ಕಳಿಗೆ ಸರ್ಕಾರಿ ಹಾಸ್ಟೆಲ್ ಅರ್ಜಿ, ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಿಸಿ. ಅದಕ್ಕೆ ಬೇಕಿರುವುದು ಹಣಕ್ಕಿಂತ ನಿಮ್ಮ ಒಂದು ಸಂಜೆ. ವಿದ್ಯಾರ್ಥಿವೇತನ ತಡವಾಗಿ ಬರುತ್ತದೆ. ಅಷ್ಟರವರೆಗೆ ನಿಧಿಯಿಂದ ಕೈಗಡ ಕೊಡಬಹುದು.

ಶುಲ್ಕವನ್ನು ನೇರ ಕಾಲೇಜಿನ ಖಾತೆಗೆ ಕಟ್ಟಿ. ಬಸ್ ಪಾಸ್, ಚಪ್ಪಲಿ, ರೇನ್‌ಕೋಟು ಇಂಥದಕ್ಕೆ ಮಾತ್ರ ತಾಯಿಯ ಕೈಗೆ ಕೊಡಿ. ನರ್ಸಿಂಗ್, ಐಟಿಐ, ಡಿಪ್ಲೊಮಾ ಓದಿದರೆ ಬೇಗ ಕೆಲಸ ಸಿಗುತ್ತದೆ ಎಂಬುದು ನನ್ನ ಅಭಿಪ್ರಾಯ. ಆದರೂ ಏನು ಓದಬೇಕು ಎಂದು ಆರಿಸುವುದು ಆ ಮಗು.

ಕಾಯಿಲೆ ಮತ್ತು ವಿಮೆ

ಆಯುಷ್ಮಾನ್ ಕಾರ್ಡ್ ಇದ್ದರೂ ಹಾಸನದ ಹಿಮ್ಸ್ ಸರ್ಕಾರಿ ಆಸ್ಪತ್ರೆಗೋ ಮಂಗಳೂರಿಗೋ ಹೋದಾಗ ಜೊತೆಗೆ ಬಂದವರ ಊಟ, ಓಡಾಟ, ಬಿಟ್ಟ ಕೂಲಿ ಕೈಯಿಂದಲೇ ಹೋಗುತ್ತದೆ. ನಿಧಿಯ ಆಗಸ್ಟ್ ಪಾಲು ಇದಕ್ಕೆ.

ವಿಮೆ ಮಾಡಿಸುವುದು ಮೇ ತಿಂಗಳ ಕೆಲಸ. ಪ್ರಧಾನಮಂತ್ರಿ ಸುರಕ್ಷಾ ವಿಮೆಗೆ ವರ್ಷಕ್ಕೆ 20 ರೂಪಾಯಿ, ಜೀವನ ಜ್ಯೋತಿ ವಿಮೆಗೆ 436 ರೂಪಾಯಿ. ಎರಡೂ ಜೂನ್ 1ರಿಂದ ಮೇ 31ರವರೆಗೆ. ಮೊದಲನೆಯದರಲ್ಲಿ ಅಪಘಾತದ ಸಾವಿಗೆ 2 ಲಕ್ಷ, ಎರಡನೆಯದರಲ್ಲಿ ಯಾವುದೇ ಕಾರಣದ ಸಾವಿಗೆ 2 ಲಕ್ಷ. ಮರಗಸಿಗೆ (ತೋಟದ ನೆರಳು ಮರದ ಕೊಂಬೆ ಕಡಿಯಲು) ಹತ್ತುವವರಿಗೆ, ಆನೆ ಓಡಾಡುವ ದಾರಿಯಲ್ಲಿ ಬೆಳಿಗ್ಗೆ ಕೆಲಸಕ್ಕೆ ಹೋಗುವವರಿಗೆ ಇದು ಬೇಕೇ ಬೇಕು. ಮೇ ಕೊನೆಯಲ್ಲಿ ಅವರ ಖಾತೆಯಲ್ಲಿ 456 ರೂಪಾಯಿ ಇರುವಂತೆ ನೋಡಿಕೊಳ್ಳಿ. ನಾಮಿನಿ ಹೆಸರು ಸರಿಯಿದೆಯಾ ಎಂದೂ ನೋಡಿ. 50 ದಾಟಿದವರಿಗೆ ಜೀವನ ಜ್ಯೋತಿಗೆ ಹೊಸದಾಗಿ ಸೇರಲು ಆಗುವುದಿಲ್ಲ.

ಹೊರದೇಶದ ಹಣ, ತೆರಿಗೆ, ದೊಡ್ಡ ಸಂಸ್ಥೆಗಳು

ಗಲ್ಫ್‌ನಲ್ಲೋ ಇಸ್ರೇಲ್‌ನಲ್ಲೋ ದುಡಿಯುವ ನಮ್ಮವರು ಊರಿನ ನಿಧಿಗೆ ಕೊಡಲು ಮುಂದೆ ಬರುತ್ತಾರೆ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ತೊಂದರೆ ಇಲ್ಲ. ಪಾಸ್‌ಪೋರ್ಟಿನ ಪ್ರತಿ ಇಟ್ಟುಕೊಳ್ಳಿ. ಬೇರೆ ದೇಶದ ಪೌರತ್ವ ಪಡೆದವರ ಹಣ, ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ವಿದೇಶಿ ದೇಣಿಗೆಯೇ. ಅದನ್ನು ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇರುವ ಸಂಸ್ಥೆ ಮಾತ್ರ, ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಯ ಮೂಲಕವೇ ಪಡೆಯಬಹುದು. ಸುಮ್ನೆ ಧರ್ಮಕೇಂದ್ರದ ಖಾತೆಗೆ ಹಾಕಿಸಿಕೊಳ್ಳಬೇಡಿ.

ತೆರಿಗೆ ವಿನಾಯಿತಿ ಬೇಕು ಎನ್ನುವವರು ಅದಕ್ಕೆ ಆದಾಯ ತೆರಿಗೆ ಇಲಾಖೆಯ ಮಾನ್ಯತೆ (80ಜಿ ಎಂದು ಕರೆಯುವುದು) ಇರುವ ಸಂಸ್ಥೆಗೆ ಕೊಡಬೇಕು. 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ವಿನಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ. ಒಂದೇ ಧರ್ಮದವರಿಗಾಗಿ ಇರುವ ನಿಧಿಗೆ ಈ ಮಾನ್ಯತೆ ಸಿಗುವುದಿಲ್ಲ.

ಊರಾಚೆಯ ಕೆಲಸಕ್ಕೆ ಕೊಡುವವರಿಗೆ ಕ್ಯಾರಿಟಾಸ್ ಇಂಡಿಯಾ ಇದೆ. 1962ರಿಂದ ಇರುವ ಭಾರತದ ಧರ್ಮಾಧ್ಯಕ್ಷರ ಸೇವಾ ಸಂಸ್ಥೆ ಇದು. ತಪಸ್ಸುಕಾಲದ ಹಸಿವು ಮತ್ತು ರೋಗದ ವಿರುದ್ಧದ ಅಭಿಯಾನ ಇವರದ್ದೇ. ನೆರೆ, ಬರ ಬಂದಾಗ ನಮ್ಮಂಥ ಸಣ್ಣ ನಿಧಿಗಳ ಕೈಗೆ ಎಟುಕದ ಕೆಲಸ ಇವರು ಮಾಡುತ್ತಾರೆ. ಆ ಕವರ್‌ಗೂ ಹಾಕಿ.

ನವೆಂಬರ್‌ನಲ್ಲಿ ಲೆಕ್ಕ ನೋಡಿ

ಪೋಪ್ ಫ್ರಾನ್ಸಿಸ್ 2017ರಲ್ಲಿ ಬಡವರ ವಿಶ್ವ ದಿನ ಶುರು ಮಾಡಿದರು. ಚರ್ಚಿನ ಕ್ಯಾಲೆಂಡರಿನ ಸಾಧಾರಣ ಕಾಲದ 33ನೇ ಭಾನುವಾರ, ಅಂದರೆ ನವೆಂಬರ್ ಮಧ್ಯದಲ್ಲಿ ಬರುತ್ತದೆ. ಕುಯ್ಲು ಜೋರಾಗುವ ಮೊದಲು, ಮಳೆಗಾಲದ ಕಷ್ಟ ಇನ್ನೂ ನೆನಪಿರುವ ಹೊತ್ತು. ಅವತ್ತು ನೆರವು ಪಡೆದ ಮನೆಯವರು, ಕೊಟ್ಟವರು, ಸಮಿತಿಯವರು ಒಟ್ಟಿಗೆ ಊಟಕ್ಕೆ ಕೂರಿ. ಬಡಿಸುವವರು ಒಂದು ಕಡೆ, ಉಣ್ಣುವವರು ಇನ್ನೊಂದು ಕಡೆ ಆಗದಿರಲಿ. ಅಡುಗೆಯನ್ನೂ ಎಲ್ಲರೂ ಸೇರಿ ಮಾಡಿ. ಯಾರು ಕೊಟ್ಟವರು, ಯಾರು ಪಡೆದವರು ಎಂದು ಮೈಕಿನಲ್ಲಿ ಹೇಳುವುದು ಬೇಡ.

ಊಟ ಆದ ಮೇಲೆ ಸಮಿತಿಯವರು ಪ್ರತಿ ಫೈಲು ತೆಗೆದು ನೋಡಿ. ಈ ಮನೆಗೆ ಈಗ ಯಾವ ಕಾಗದ ಬಂದಿದೆ, ಯಾವುದು ಬಾಕಿ? ಬಡ್ಡಿ ಸಾಲ ಎಷ್ಟು ಇಳಿದಿದೆ? ಮಗು ಕಾಲೇಜಿಗೆ ಹೋಗುತ್ತಿದೆಯಾ? ಈ ಮಳೆಗಾಲದಲ್ಲಿ ಹೊಸ ಸಾಲ ಮಾಡಬೇಕಾಯಿತಾ? ಮಾಡಿದ್ದರೆ ಯಾವುದಕ್ಕೆ? ಕಂತು ಕೊಡಲು ಆಗದವರನ್ನು ಸಭೆಯಲ್ಲಿ ಕೇಳಬೇಡಿ. ಮತ್ತೆ ಇಬ್ಬರು ಮನೆಗೇ ಹೋಗಿ. ಇನ್ನು ನೆರವು ಬೇಡದ ಮನೆಯಾಕೆಯನ್ನು ಮುಂದಿನ ವರ್ಷದ ಸಮಿತಿಗೆ ಬರಲು ಕೇಳಿ. ನಾಡಕಚೇರಿಯ ಯಾವ ಕೌಂಟರಿನಲ್ಲಿ ಏನು ಕೇಳುತ್ತಾರೆ ಎಂಬುದು ಈಗ ಅವರಿಗೆ ಗೊತ್ತು. ಬಾಕಿ ಉಳಿದ ಕೆಲಸಗಳನ್ನು ಬರೆದು ಜನವರಿಯ ಹಣಕಾಸು ಸಮಿತಿಗೆ ಕೊಡಿ. ತಪಸ್ಸುಕಾಲದ ಕವರಿನ ಮೇಲೆ ಈ ಸಲದ ಹಣ ಯಾವುದಕ್ಕೆ ಎಂದು ಅಚ್ಚಾಗಬೇಕಾದ್ದು ಆ ಪಟ್ಟಿಯಿಂದಲೇ.